ಪಾಳು ಬಿದ್ದ ಆಸ್ಪತ್ರೆಗೆ ಕ್ಯಾಮೆರಾ ಒಯ್ಯುವ ಮುಂಚೆ ಆಯಮ್ಮನನ್ನು ಹುಡುಕಿ

ಸಿಂಧನೂರಿನ ಕಡೆ ಕಾಲುವೆ ಪಕ್ಕದ ಒಂದು ಕ್ಯಾಂಪ್‌ನಲ್ಲಿ, ಅಂದರೆ ಸಣ್ಣ ಊರಲ್ಲಿ, ಹಳೆ ಆಸ್ಪತ್ರೆ ಪಾಳು ಬಿದ್ದಿದೆ. ನನ್ನ ತಂಗಿ ಹುಟ್ಟಿದ್ದು ಅಲ್ಲೇ. ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಶೂನ್ಯಮಾಸದಲ್ಲಿ ಮದುವೆ ಇರಲ್ವಲ್ಲ, ಆಗ ಮೂರು ದಿನ ಆ ಕಟ್ಟಡದಲ್ಲಿ ಕಳೆದೆ. ನೀವೂ ಚಳಿಗಾಲದಲ್ಲೇ ಹೋಗಿ. ಬೇಸಿಗೆಯಲ್ಲಿ ನಮ್ಮ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ನೆನೆದ ಗೋಡೆಯನ್ನು ನಂಬುವ ಹಾಗಿಲ್ಲ.

ಮೊದಲು ಕಟ್ಟಡ ಯಾರ ಕೈಯಲ್ಲಿದೆ ಅಂತ ಕೇಳಿ. ಆರೋಗ್ಯ ಇಲಾಖೆಯದೋ, ಲೋಕೋಪಯೋಗಿಯದೋ, ನೀರಾವರಿಯವರದೋ? ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನ ಅಂತ ಅರ್ಜಿ ಬರೆದು ಒಪ್ಪಿಗೆಯನ್ನು ಕಾಗದದಲ್ಲೇ ತೆಗೆದುಕೊಳ್ಳಿ. ನಾನು ಮೂರು ಸಲ ಅಲೆದೆ. ಆದರೂ ಗೋಡೆ ಹಾರಿ ಹೋಗಬೇಡಿ.

ಆಮೇಲೆ ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ. ನನಗೆ ಸಿಕ್ಕಿದ್ದು ಹೆರಿಗೆ ಕೋಣೆಯ ಆಯಾ ಆಗಿದ್ದ ಅಜ್ಜಿ. ಬಾಗಿಲಲ್ಲೇ ನನ್ನ ತೋಳು ಹಿಡಿದು ನಿಲ್ಲಿಸಿದರು. "ಯಪ್ಪಾ, ಆ ಕಡಿ ಹೋಗಬ್ಯಾಡ. ಮಾಳಿಗಿ ಕುಸದೈತಿ." ಕಬ್ಬಿಣದ ಗರ್ಡರ್ ಮೇಲೆ ಪರ್ಸಿ ಕಲ್ಲಿನ ಚಪ್ಪಡಿ ಹೊದಿಸಿದ ಮಾಳಿಗೆ ಅದು. ಕಬ್ಬಿಣ ಗೋಡೆಯೊಳಗೆ ಸೇರುವ ತುದಿಯಲ್ಲಿ ತುಕ್ಕು ಉಬ್ಬಿತ್ತು. ಅಂಥ ಕೋಣೆಯ ಫೋಟೋ ಬಾಗಿಲಿಂದಲೇ ತೆಗೆಯಿರಿ. ಮೆಟ್ಟಿಲು ಗಟ್ಟಿ ಇದ್ದ ಹಾಗೆ ಕಂಡರೂ ಮಾಳಿಗೆ ಹತ್ತಬೇಡಿ.

ಕಾಲಿಗೆ ದಪ್ಪ ಅಟ್ಟೆಯ ಬೂಟು ಬೇಕೇ ಬೇಕು. ಹಳೆ ಸೂಜಿ, ಇಂಜೆಕ್ಷನ್ ಸೀಸೆಯ ಚೂರು ಮಣ್ಣಲ್ಲಿ ಹುದುಗಿರುತ್ತವೆ. ಬಾವಲಿ ಹಿಕ್ಕೆ ಇರುವ ಕೋಣೆಯಿಂದ ದೂರ ಇರಿ. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಎನ್-95 ಮಾಸ್ಕನ್ನು ಒಳಗಿರುವಷ್ಟು ಹೊತ್ತೂ ತೆಗೆಯಬೇಡಿ. ಒಡೆದ ಬಿಪಿ ಯಂತ್ರ, ಥರ್ಮಾಮೀಟರ್ ಮುಟ್ಟಬೇಡಿ, ಪಾದರಸ ಚೆಲ್ಲಿರಬಹುದು. ಹಾವು, ಚೇಳಿನ ಮಾತು ನಮ್ಮವರಿಗೆ ಹೇಳಬೇಕಾಗಿಲ್ಲ. ಕಲ್ಲು ಎತ್ತಬೇಡಿ, ಬೀರು ತೆರೆಯಬೇಡಿ. ಒಬ್ಬರೇ ಅಂತೂ ಹೋಗಲೇಬೇಡಿ.

ಇನ್ನು ಬೆಳಕು. ಫ್ಲ್ಯಾಶ್ ಚೀಲದಲ್ಲೇ ಇರಲಿ. ಫ್ಲ್ಯಾಶ್ ಬಿದ್ದರೆ ಸುಣ್ಣದ ಗೋಡೆ ಸಪ್ಪೆಯಾಗಿ ಕಾಣುತ್ತದೆ. ಕಿಟಕಿಯಿಂದ ಓರೆಯಾಗಿ ಬರುವ ಬೆಳಗಿನ ಬೆಳಕು ಒಂದೊಂದು ಬಿರುಕನ್ನೂ ತೋರಿಸುತ್ತದೆ. ಟ್ರೈಪಾಡ್ ಇಟ್ಟು ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) 100, ಎಫ್ (ಲೆನ್ಸ್ ಕಿಂಡಿಯ ಅಳತೆ) 8 ಇಡಿ. ಶಟರ್ ನಾಲ್ಕೈದು ಸೆಕೆಂಡ್ ತೆರೆದಿದ್ದರೂ ಚಿಂತೆಯಿಲ್ಲ. 2 ಸೆಕೆಂಡ್ ಟೈಮರ್ ಹಾಕಿದರೆ ಕ್ಯಾಮೆರಾ ಅಲುಗುವುದಿಲ್ಲ. ಕಿಟಕಿ ಬೆಳ್ಳಗಾಗಿ, ಮೂಲೆ ಕಪ್ಪಾದರೆ ಅದೇ ಜಾಗದಿಂದ ಮೂರು ಫೋಟೋ ತೆಗೆಯಿರಿ: ಒಂದು ಸರಿಯಾದ ಬೆಳಕಿಗೆ, ಇನ್ನೊಂದು ಅದಕ್ಕಿಂತ ಎರಡು ಸ್ಟಾಪ್ ಕಡಿಮೆ, ಮತ್ತೊಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ದುಪ್ಪಟ್ಟು). ಮನೆಗೆ ಬಂದು ಜೋಡಿಸಬಹುದು. ಮೊಬೈಲ್ ಆದರೆ ಇಟ್ಟಿಗೆಗೆ ಒರಗಿಸಿ ಟೈಮರ್ ಹಾಕಿ. ಲೆನ್ಸ್ ಬದಲಿಸುವುದಿದ್ದರೆ ಹೊರಗೆ ಬನ್ನಿ. ಒಳಗಿನ ಧೂಳು ಸೆನ್ಸರ್ ಮೇಲೆ ಕೂತರೆ ಪ್ರತಿ ಫೋಟೋದಲ್ಲೂ ಚುಕ್ಕೆ ಬರುತ್ತದೆ.

ಹೆರಿಗೆ ಕೋಣೆ ಪೂರ್ತಿ ಖಾಲಿ ಅಂದುಕೊಂಡಿದ್ದೆ. ಅಜ್ಜಿ ತೊಲೆಯಲ್ಲಿದ್ದ ಒಂದು ಕೊಕ್ಕೆ ತೋರಿಸಿದರು. ಅದಕ್ಕೆ ತಕ್ಕಡಿ ಕಟ್ಟಿ, ಬಟ್ಟೆಯ ಜೋಳಿಗೆಯಲ್ಲಿ ಕೂಸು ಮಲಗಿಸಿ ತೂಗುತ್ತಿದ್ದರಂತೆ. ಪಕ್ಕದ ಗೋಡೆಯಲ್ಲಿ ಸುಣ್ಣ ಸವೆದು ಅಂಗೈ ಅಗಲದ ಕಪ್ಪು ಕಲೆ. ಬಾಣಂತಿಯರು ಕೈ ಊರಿ ನಿಲ್ಲುತ್ತಿದ್ದ ಜಾಗ. ನಮ್ಮವ್ವನೂ ಅಲ್ಲೇ ನಿಂತಿರಬೇಕು. ಆ ಕೊಕ್ಕೆ, ಆ ಕಲೆ ಎರಡೂ ಬರುವ ಹಾಗೆ ಒಂದೇ ಫೋಟೋಗೆ ಒಂದು ಗಂಟೆ ಕಾದೆ.

ರೋಗಿಗಳ ಹೆಸರಿರುವ ಚೀಟಿ, ರಿಜಿಸ್ಟರ್ ಕಂಡರೆ ಓದಲು ಬರುವಂಥ ಫೋಟೋ ತೆಗೆಯಬೇಡಿ. ಅದು ಅವರ ಮನೆಯ ವಿಷಯ. ನೆನಪಿಗೆ ಅಂತ ಸೀಸೆ, ಬೋರ್ಡು ಏನನ್ನೂ ತರಬೇಡಿ.

ಕೊಕ್ಕೆಯ ಫೋಟೋ ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಆಮೇಲೆ, ಔಷಧಿ ಕೋಣೆಯ ಕಿಟಕಿಗೆ ಸಂಜೆ ನಾಲ್ಕಕ್ಕೆ ಬಿಸಿಲು ಬರುತ್ತೆ, ಅದನ್ನೂ ತೆಗಿ ಅಂದರು. ನನ್ನ ಒಪ್ಪಿಗೆ ಕಾಗದದಲ್ಲಿ ಮಧ್ಯಾಹ್ನದವರೆಗೆ ಮಾತ್ರ ಇತ್ತು. ಇನ್ನೊಂದು ಅರ್ಜಿ ಬರೆದಿದ್ದೇನೆ.