ಕಡಲ ದಂಡೆಯ ಒಣ ತೋಟದಲ್ಲಿ ಮುಳ್ಳುಕಳ್ಳಿ: ನನ್ನ ಅನುಭವ

ಮರುಭೂಮಿಯ ಕಳ್ಳಿ ಸಮುದ್ರದ ಪಕ್ಕ ಬದುಕುವುದಿಲ್ಲ, ಉಪ್ಪುಗಾಳಿಗೆ ಸುಟ್ಟುಹೋಗುತ್ತದೆ ಅಂತ ಗಿಡ ಬೆಳೆಸುವ ಗೆಳೆಯರೆಲ್ಲ ಹೇಳಿದ್ದರು. ಈಗ ನಾನು ಗಿಡಕ್ಕೆಂದು ಕಟ್ಟಿದ ದಿಬ್ಬದ ಮೇಲೆ ಫೆರೋಕ್ಯಾಕ್ಟಸ್ ಅನ್ನುವ ಪೀಪಾಯಿ ಆಕಾರದ ಕಳ್ಳಿ ಸತತ ಮೂರನೇ ವರ್ಷ ಹೂ ಬಿಟ್ಟಿದೆ. ಅನುಮಾನ ಪಟ್ಟವರೇ ಬಂದು ಮಣ್ಣು ಕೆದಕಿ ನೋಡುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲ ಎರಡು ವರ್ಷ ಸತ್ತ ಗಿಡಗಳನ್ನೆಲ್ಲ ಕಿತ್ತು, ಸೀಳಿ ನೋಡಿದ್ದೇನೆ. ಮೈಮೇಲೆ ಉಪ್ಪಿನ ಕಲೆ ಇದ್ದದ್ದು ಕೆಲವಕ್ಕೆ ಮಾತ್ರ. ಬುಡ ಕೊಳೆತು ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಹೆಚ್ಚುಕಡಿಮೆ ಎಲ್ಲಕ್ಕೂ. ಮಳೆ ಕಡಿಮೆ ನಿಜ, ಆದರೆ ರಾತ್ರಿ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ? ಮಣ್ಣು ಒಣಗುವುದೇ ಇಲ್ಲ. ದಂಡೆಯ ಮರಳು ಬಲು ಸಣ್ಣದು, ನೀರು ಹಿಡಿದುಕೊಂಡು ಕೂರುತ್ತದೆ. ನರ್ಸರಿಯಿಂದ ಬಂದ ಗಿಡದ ಬೇರಿಗೆ ಅಂಟಿದ ತೆಂಗಿನ ನಾರಿನ ಪುಡಿ ಇನ್ನೂ ಕೆಟ್ಟದ್ದು. ಅದನ್ನು ಪೂರ್ತಿ ಉದುರಿಸಿ, ಬೇರನ್ನು ನೆರಳಲ್ಲಿ ಹತ್ತು ಹದಿನೈದು ದಿನ ಒಣಗಿಸಿದ ಮೇಲೇ ನಾನು ನೆಡುವುದು. ನೆಟ್ಟ ಮೇಲೂ ಒಂದೆರಡು ವಾರ ನೀರಿಲ್ಲ.

ದಿಬ್ಬ ಸುಮಾರು ಒಂದೂವರೆ ಅಡಿ ಎತ್ತರ. ಮುಕ್ಕಾಲು ಪಾಲು ಒಡೆದ ಇಟ್ಟಿಗೆ ಮತ್ತು ಸಣ್ಣ ಜಲ್ಲಿ, ಉಳಿದದ್ದು ದಪ್ಪ ಮರಳು, ಒಂದಿಷ್ಟು ಮಣ್ಣು. ಜರಡಿ ಹಿಡಿದು ಪುಡಿಯನ್ನೆಲ್ಲ ತೆಗೆಯಲೇಬೇಕು, ಇಲ್ಲದಿದ್ದರೆ ಮತ್ತೆ ಅದೇ ಕಥೆ. ಮೇಲಿನ ಪದರಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಗಾಳಿಗಾಲ ದಾಟಲಿ.

ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋದದ್ದು ಈ ಜಲ್ಲಿ, ಇಟ್ಟಿಗೆ, ಸಾಗಣೆಗೇ. ಉಳಿಸಬಹುದು ಅಂತ ದಂಡೆಯ ಮರಳನ್ನೇ ತೊಳೆದೂ ನೋಡಿದೆ. ಏಳೆಂಟು ನೀರು ಹಾಕಿದರೂ ಕೊನೆಯ ನೀರಿನ ಹನಿ ನಾಲಿಗೆಗೆ ಉಪ್ಪುಪ್ಪು. ಉಪ್ಪು ಹೋದರೂ ಚಿಪ್ಪಿನ ಸುಣ್ಣ ಉಳಿಯುತ್ತದೆ. ತೊಳೆದ ನೀರಿನ ಖರ್ಚು ಲೆಕ್ಕ ಹಾಕಿ ಕೈಬಿಟ್ಟೆ. ಇನ್ನು ದೊಡ್ಡ ಗಿಡಕ್ಕೆ ದುಡ್ಡು ಸುರಿಯಬೇಡಿ. ಗೋಲ್ಡನ್ ಬ್ಯಾರೆಲ್ ಅನ್ನುವ ಹಳದಿ ಮುಳ್ಳಿನ ದುಂಡು ಕಳ್ಳಿಯ ಒಂದು ದೊಡ್ಡ ಗಿಡದ ಬೆಲೆಗೆ ಮುಷ್ಟಿಗಾತ್ರದವು ಹತ್ತಾರು ಬರುತ್ತವೆ, ಬೇರೂ ಬೇಗ ಬಿಡುತ್ತವೆ.

ಜಾತಿ ಆರಿಸುವಾಗ ನಾನು ನೋಡುವುದು ಒಂದೇ, ಅದರ ತವರು ಕಡಲ ಹತ್ತಿರ ಇದೆಯಾ ಅಂತ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಫೆರೋಕ್ಯಾಕ್ಟಸ್ ಫೋರ್ಡಿಯೈ, ಕಂಬದ ಹಾಗೆ ಎತ್ತರ ಬೆಳೆಯುವ ಕಾರ್ಡೋನ್, ಚಿಲಿಯ ದಂಡೆಯಲ್ಲಿ ಮಂಜು ಕುಡಿದು ಬದುಕುವ ಕೋಪಿಯಾಪೋವಾ, ಇವು ಉಪ್ಪುಗಾಳಿಗೆ ಹೆದರುವ ಜಾತಿಗಳಲ್ಲ. ಒಳನಾಡಿನ ದೈತ್ಯ ಕಂಬಗಳ್ಳಿ ಸಗ್ವಾರೋ ಮಾತ್ರ ಹಟ ಹಿಡಿದು ನೆಟ್ಟಷ್ಟೂ ಕೊಳೆಯಿತು. ಇಲ್ಲಿ ಅದರ ಆಸೆ ಬಿಡುವುದೇ ಒಳ್ಳೆಯದು. ಪಾಪಸುಕಳ್ಳಿಯ ಬಗ್ಗೆ ಹೇಳುವುದೇನಿದೆ, ಎಸೆದ ಕಡೆ ಬೆಳೆಯುತ್ತದೆ.

ಫೆರೋಕ್ಯಾಕ್ಟಸ್ ಮುಳ್ಳಿನ ಬುಡದಿಂದ ಸಿಹಿ ಅಂಟು ಒಸರುತ್ತದೆ. ತೇವದ ಗಾಳಿಯಲ್ಲಿ ಅದರ ಮೇಲೆ ಕಪ್ಪು ಬೂಷ್ಟು ಕೂತು, ಕೆಂಪಗೆ ಹೊಳೆಯಬೇಕಾದ ಕೊಕ್ಕೆಮುಳ್ಳು ಮಸಿ ಬಳಿದ ಹಾಗೆ ಆಗುತ್ತದೆ. ಇದು ರೋಗ ಅಂತ ಔಷಧಿ ಹೊಡೆಯುವವರಿದ್ದಾರೆ, ಸುಮ್ನೆ ದುಡ್ಡು ದಂಡ. ಜೋರು ಗಾಳಿ ಬೀಸಿದ ಮರುದಿನ ಬೆಳಗ್ಗೆ ಸಿಹಿನೀರನ್ನು ರಭಸವಾಗಿ ಹೊಡೆಯಿರಿ. ಉಪ್ಪೂ ಹೋಗುತ್ತದೆ, ಅಂಟೂ ಹೋಗುತ್ತದೆ. ಸಂಜೆ ಮಾತ್ರ ಬೇಡ, ಗಿಡದ ಮೈ ರಾತ್ರಿಯಿಡೀ ಒದ್ದೆಯಾಗೇ ಉಳಿಯುತ್ತದೆ.

ನಡುವೆ ಕೋಪಿಯಾಪೋವಾ ಸಸಿಗಳನ್ನು ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟಿದೆ. ಬೆಳವಣಿಗೆ ಮೂರು ನಾಲ್ಕು ಪಟ್ಟು, ಆದರೆ ಮೈ ಊದಿಕೊಂಡು ಹಸಿರಾಯಿತು, ಅದರ ಸಹಜ ಬೂದುಬಣ್ಣವೇ ಬರಲಿಲ್ಲ. ಕೆಳಗಿನ ಕಾಂಡ ಬೇರೆ ಪೂರ್ತಿ ಬಿಸಿಲಿಗೆ ಹಳದಿಯಾಗುತ್ತದೆ. ಈಗ ಅವನ್ನು ಕತ್ತರಿಸಿ, ಗಾಯ ಒಣಗಿಸಿ, ಸ್ವಂತ ಬೇರಿಗೆ ಬಿಡುತ್ತಿದ್ದೇನೆ. ಸುಮಾರು ಅರ್ಧದಷ್ಟು ಬೇರು ಬಿಟ್ಟಿವೆ, ಉಳಿದವು ಇನ್ನೂ ಒಣ ಜಲ್ಲಿಯ ಮೇಲೆ ಕೂತಿವೆ.