ಪಿಕಪ್ ಗಾಡಿಯ ಗೇರ್‌ಬಾಕ್ಸ್‌ಗೆ ಯಾವ ಆಯಿಲ್, ಬದಲಿಸುವುದು ಹೇಗೆ

ಮಂಡ್ಯದ ಕಡೆ ಅಂಗಡಿಗೆ ಹೋಗಿ ಗೇರ್‌ಬಾಕ್ಸ್‌ಗೆ ಆಯಿಲ್ ಬೇಕೆಂದರೆ, ಯಾವ ಗಾಡಿ ಎಂದು ಕೇಳುವ ಮೊದಲೇ ‘90 ನಂಬರ್’ ಡಬ್ಬಿಯೊಂದು ಕೈಗೆ ಬರುವುದುಂಟು. ಆ 90 ಎಂಬುದು ಆಯಿಲ್ ಎಷ್ಟು ಮಂದವಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಬೆರೆತಿರುವ ರಾಸಾಯನಿಕಗಳು ನಿಮ್ಮ ಗೇರ್‌ಬಾಕ್ಸ್‌ಗೆ ಹೊಂದುತ್ತವೆಯೇ ಎಂದು ತಿಳಿಯಬೇಕಾದರೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಜಿಎಲ್-4 ಅಥವಾ ಜಿಎಲ್-5 ಎಂಬ ಗುರುತನ್ನು ನೋಡಬೇಕು.

ಗೇರ್ ಬದಲಿಸುವಾಗ ಹಲ್ಲುಚಕ್ರ ಮತ್ತು ಶಾಫ್ಟ್‌ನ ವೇಗವನ್ನು ಸರಿದೂಗಿಸುವುದು ಸಿಂಕ್ರೊನೈಸರ್ ಬಳೆ. ಬಹಳಷ್ಟು ಗಾಡಿಗಳಲ್ಲಿ ಇದು ಹಿತ್ತಾಳೆಯದು, ಮತ್ತು ಇದು ಕೆಲಸ ಮಾಡುವುದೇ ಘರ್ಷಣೆಯ ಬಲದಿಂದ. ಹಿಂದಿನ ಆಕ್ಸಲ್‌ನಲ್ಲಿ ಚಕ್ರಗಳಿಗೆ ಬಲ ತಲುಪಿಸುವ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಭಾರಿ ಒತ್ತಡದಲ್ಲಿ ತಿರುಗುವುದರಿಂದ, ಅದಕ್ಕೆಂದೇ ತಯಾರಾದ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ಕ್ಕಿಂತ ಸುಮಾರು ಇಮ್ಮಡಿ ಇರುತ್ತವೆ. ಇವು ಹಿತ್ತಾಳೆಯನ್ನು ಕಾಲಕ್ರಮೇಣ ತಿನ್ನಬಹುದು. ತಿನ್ನದ ಹೊಸ ತಯಾರಿಕೆಗಳಲ್ಲಿಯೂ ಬಳೆಗೆ ಬೇಕಾದ ಹಿಡಿತ ಸಿಗದೆ ಗೇರ್ ಬೀಳುವಾಗ ಕರಕರ ಶಬ್ದ ಬರಬಹುದು. ಆದ್ದರಿಂದ ‘ಐದು ನಾಲ್ಕಕ್ಕಿಂತ ಮೇಲು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಮ್ಮೆ ಗ್ಯಾರೇಜೊಂದರಲ್ಲಿ ಕ್ರೌನ್‌ಗೆ ತಂದು ಉಳಿದಿದ್ದ ಆಯಿಲನ್ನೇ ನಮ್ಮ ಗಾಡಿಯ ಗೇರ್‌ಬಾಕ್ಸ್‌ಗೂ ಸುರಿದರು. ಬೆಲ್ಲ ಹೇರಿಕೊಂಡು ಬಂಡೀಪಾಳ್ಯದ ಎಪಿಎಂಸಿಗೆ ಹೊರಟಾಗ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಸೆಕೆಂಡಿನಿಂದ ಥರ್ಡಿಗೆ ಹಾಕುವುದೇ ಒಂದು ಸಾಹಸವಾಗಿತ್ತು. ಜಿಎಲ್-4 ಹಾಕಿಸಿದ ಮೇಲೆಯೇ ಅದು ದಾರಿಗೆ ಬಂದದ್ದು.

ಹಾಗೆಂದು ಎಲ್ಲ ಗೇರ್‌ಬಾಕ್ಸ್‌ಗೂ ಜಿಎಲ್-4 ಎಂದೂ ಅಲ್ಲ. ಕೆಲವು ತಯಾರಕರು ಎಂಜಿನ್ ಆಯಿಲನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಆಯಿಲನ್ನೋ ಸೂಚಿಸಿರುತ್ತಾರೆ. ಗಾಡಿಯ ಜೊತೆ ಬಂದ ಕೈಪಿಡಿಯ ಮಾತೇ ಕೊನೆಯದು. ಅದು 75ಡಬ್ಲ್ಯು-90 ಮತ್ತು 80ಡಬ್ಲ್ಯು-90 ಎರಡನ್ನೂ ಒಪ್ಪಿದ್ದರೆ ನಮ್ಮ ಸೀಮೆಯಲ್ಲಿ ಅಗ್ಗದ್ದು ಸಾಕು: ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಗೆ ಸಂಬಂಧಿಸಿದ್ದು, 80ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದೇ ಮೈನಸ್ 26 ಡಿಗ್ರಿಯಲ್ಲಿ, ಮೈಸೂರಿನ ಪುಷ್ಯಮಾಸದ ಚಳಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಬದಲಿಸುವ ಅವಧಿಯನ್ನೂ ಕೈಪಿಡಿಯಿಂದಲೇ ತಿಳಿಯಿರಿ. ದಿನವೂ ಕಬ್ಬು ಹೇರುವ ಗಾಡಿಗೆ ಅದರಲ್ಲಿ ‘ಹೆಚ್ಚಿನ ಭಾರ’ ಎಂಬ ಸಾಲಿನ ಕಡಿಮೆ ಅವಧಿಯೇ ಅನ್ವಯಿಸುತ್ತದೆ.

ಬದಲಿಸುವ ದಿನ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಪಿಕಪ್ ಎತ್ತರವಾಗಿರುವುದರಿಂದ ಸಾಮಾನ್ಯವಾಗಿ ಜಾಕಿ ಬೇಕಾಗುವುದಿಲ್ಲ. ಬೇಕಾದರೂ ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ತೂರಬಾರದು.

ಮೊದಲು ಬಿಚ್ಚಬೇಕಾದದ್ದು ಕೆಳಗಿನ ಡ್ರೇನ್ ಪ್ಲಗ್ಗಲ್ಲ, ಪಕ್ಕದಲ್ಲಿ ಮೇಲಿರುವ ಫಿಲ್ಲರ್ ಪ್ಲಗ್. ಹಳೆಯ ಆಯಿಲ್ ಪೂರಾ ಹರಿದುಹೋದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲದಿದ್ದರೆ, ಗಾಡಿಯನ್ನು ಗ್ಯಾರೇಜಿನವರೆಗೆ ಓಡಿಸುವಂತೆಯೂ ಇರುವುದಿಲ್ಲ. ಅದು ಸಡಿಲವಾದ ನಂತರವೇ ಅಗಲ ಬಾಯಿಯ ಪಾತ್ರೆಯೊಂದನ್ನು ಕೆಳಗಿಟ್ಟು ಡ್ರೇನ್ ಪ್ಲಗ್ ತೆಗೆಯಿರಿ; ಆಯಿಲ್ ಬಿಸಿಯಾಗಿರುವುದರಿಂದ ಕೈಗವಸು ಇರಲಿ.

ಹರಿಯುವ ಆಯಿಲನ್ನು ಸುಮ್ಮನೆ ನೋಡುತ್ತ ಕೂರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗದ ಭಾಗ ಎಂಬುದು ನನ್ನ ಅಭಿಪ್ರಾಯ. ಪ್ಲಗ್‌ಗೆ ಅಯಸ್ಕಾಂತವಿದ್ದರೆ ಅದರ ತುದಿಗೆ ವಿಭೂತಿ ಕಲಸಿದಂತಹ ಬೂದುಬಣ್ಣದ ಲೇಪ ಮೆತ್ತಿರುತ್ತದೆ. ಅದು ಸಹಜ ಸವೆತ, ಒರೆಸಿದರೆ ಮುಗಿಯಿತು. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಬಿಸಿಲಿಗೆ ಹಿಡಿದಾಗ ಆಯಿಲ್‌ನಲ್ಲಿ ಚಿನ್ನದ ಪುಡಿಯಂತಹ ಮಿನುಗು ತುಂಬ ಕಂಡರೆ ಸಿಂಕ್ರೊನೈಸರ್ ಬಳೆ ಸವೆಯುತ್ತಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ದೂರ ಓಡಿ ಕಾದ ಗೇರ್‌ಬಾಕ್ಸ್ ಗದ್ದೆಬಯಲಿನ ಕಾಲುವೆ ನೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಗ ಸೀಲು ಅಥವಾ ಬ್ರೀದರ್ ಎಂಬ ಉಸಿರುಗಂಡಿಯ ಮೂಲಕ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಬ್ರೀದರ್‌ಗೆ ಮೆತ್ತಿದ ಕೆಸರನ್ನು ಇದೇ ಹೊತ್ತಿನಲ್ಲಿ ತೆಗೆದುಬಿಡಿ.

ಹನಿ ನಿಂತ ಮೇಲೆ ಹೊಸ ವಾಷರ್ ಹಾಕಿ ಡ್ರೇನ್ ಪ್ಲಗ್ ಬಿಗಿ ಮಾಡಿ. ಕವಚ ಅಲ್ಯೂಮಿನಿಯಂನದಾಗಿದ್ದರೆ ಪೈಪ್ ತೊಡಿಸಿ ತೋಳ್ಬಲ ತೋರಿಸಿದವನು ಥ್ರೆಡ್ ಕಿತ್ತುಕೊಳ್ಳುತ್ತಾನೆ. ಹೊಸ ಆಯಿಲನ್ನು ಕೈಪಂಪಿನಿಂದಲೋ ಆಲಿಕೆಗೆ ಸಿಕ್ಕಿಸಿದ ಉದ್ದನೆಯ ಕೊಳವೆಯಿಂದಲೋ, ಫಿಲ್ಲರ್ ತೂತಿನ ಅಂಚಿನಿಂದ ಹೊರಕ್ಕೆ ಒಸರುವವರೆಗೆ ತುಂಬಿ, ಒಸರುವುದು ನಿಂತ ಮೇಲೆ ಪ್ಲಗ್ ಹಾಕಿ. ಕೈಪಿಡಿ ಬೇರೆ ಮಟ್ಟ ಹೇಳಿದ್ದರೆ ಅದರಂತೆ ಮಾಡಿ. ಇನ್ನಷ್ಟು ಇರಲಿ ಎಂದು ಗೇರ್ ಲಿವರ್ ಬಿಚ್ಚಿ ಮೇಲಿನಿಂದ ಸುರಿದರೆ ಅದು ಸೀಲುಗಳಿಂದ ಕಕ್ಕಿಕೊಂಡು ಕ್ಲಚ್ ಪ್ಲೇಟಿಗೂ ತಾಗಬಹುದು.

ಐದಾರು ಕಿಲೋಮೀಟರು ಎಲ್ಲ ಗೇರುಗಳಲ್ಲೂ ಓಡಿಸಿ, ರಾತ್ರಿ ಗೇರ್‌ಬಾಕ್ಸ್ ಕೆಳಗೊಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕಲೆಯಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ. ಹಳೆಯ ಆಯಿಲನ್ನು ವಿ.ಸಿ. ನಾಲೆಗಾಗಲಿ ಆಲೆಮನೆಯ ಒಲೆಗಾಗಲಿ ಸುರಿಯದೆ, ಅದೇ ಡಬ್ಬಿಗೆ ತುಂಬಿ, ಬಳಸಿದ ಆಯಿಲನ್ನು ಪೀಪಾಯಿಯಲ್ಲಿ ಕೂಡಿಟ್ಟು ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.