ದಿನಸಿ ಲೆಕ್ಕದಿಂದ ಹಾಸನದ ಹಳ್ಳಿಗಳ ಸ್ಥಿತಿಗತಿ ತಿಳಿಯುವ ಕ್ರಮ

ಊರಿನವರು ದಿನಸಿಗೆ ಒಟ್ಟು ಎಷ್ಟು ಖರ್ಚು ಮಾಡಿದರು ಎಂಬುದೊಂದರಿಂದಲೇ ಅವರ ಸ್ಥಿತಿ ತಿಳಿಯುವುದಿಲ್ಲ. ಮನೆಯ ಖರ್ಚಿನಲ್ಲಿ ಊಟದ ಪಾಲೆಷ್ಟು, ಅದರೊಳಗೆ ಯಾವ ಪದಾರ್ಥ ಏರಿತು, ಯಾವುದು ಇಳಿಯಿತು ಎಂದು ನೋಡಬೇಕು. ಆದಾಯ ಹೆಚ್ಚಿದಂತೆ ಊಟದ ಪಾಲು ಇಳಿಯುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಈ ಪಾಲು ಹಳ್ಳಿಗಳಲ್ಲಿ ಸುಮಾರು ಶೇ. 47, ಪಟ್ಟಣಗಳಲ್ಲಿ ಶೇ. 40ರ ಹತ್ತಿರ. ಅದಕ್ಕೆ ಹೋಲಿಸುವುದಾದರೆ ಹೋಟೆಲ್ ಕಾಫಿ, ತಿಂಡಿಯನ್ನು ಊಟಕ್ಕೆ ಸೇರಿಸಿ. ಬೀಡಿ, ಎಲೆ ಅಡಿಕೆಯನ್ನು ಹೊರಗಿಡಿ.

ಇಡೀ ಜಿಲ್ಲೆಗೆ ಒಂದೇ ಸರಾಸರಿ ಬೇಡ. ಸಕಲೇಶಪುರದ ಕಾಫಿ ತೋಟದ ಲೈನ್ ಮನೆಗೂ (ಕೂಲಿಯವರ ಸಾಲುಮನೆ) ಅರಸೀಕೆರೆಯ ತೆಂಗು, ರಾಗಿ ಬೆಳೆಯುವ ಮನೆಗೂ ಹೋಲಿಕೆಯಿಲ್ಲ. ಮಲೆನಾಡಿನದು ಬೇರೆ, ಬಯಲುಸೀಮೆಯದು ಬೇರೆ ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಜಮೀನುದಾರರು, ಕೂಲಿಯವರು, ಸಂಬಳದವರು ಇರುವಂತೆ ಕನಿಷ್ಠ 30 ಮನೆ ಆರಿಸಿ. ಸರಾಸರಿಗಿಂತ, ಮನೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಡುವೆ ಬರುವ ಮನೆಯ ಸಂಖ್ಯೆ ಮೇಲು. ಮದುವೆ ನಡೆದ ಒಂದೇ ಮನೆ ಸರಾಸರಿಯನ್ನು ಎಳೆದುಬಿಡುತ್ತದೆ.

ತರಕಾರಿ, ಹಣ್ಣು, ಮೊಟ್ಟೆ, ಮಾಂಸ, ಎಣ್ಣೆ, ಸಾಂಬಾರ ಪದಾರ್ಥಗಳನ್ನು ಹಿಂದಿನ 7 ದಿನಕ್ಕೆ ಕೇಳಿ. ಅಕ್ಕಿ, ರಾಗಿ, ಬೇಳೆ, ಸಕ್ಕರೆ, ಉಪ್ಪನ್ನು 30 ದಿನಕ್ಕೆ, ಬಟ್ಟೆ, ಶಾಲೆ ಫೀಸಿನಂಥವನ್ನು 365 ದಿನಕ್ಕೆ ಕೇಳಿ ಎಲ್ಲವನ್ನೂ ತಿಂಗಳಿಗೆ ತನ್ನಿ. ವಾರದ ಲೆಕ್ಕವನ್ನು 4ರಿಂದ ಗುಣಿಸಬೇಡಿ, ಎರಡು ದಿನ ಬಿಟ್ಟುಹೋಗುತ್ತದೆ. 30ರಿಂದ ಗುಣಿಸಿ 7ರಿಂದ ಭಾಗಿಸಿ. ಅಡುಗೆ ಮಾಡುವವರನ್ನೇ ಕೇಳಬೇಕು. ಅಂಗಡಿ ಬಿಲ್ಲು ಯಜಮಾನರಿಗೆ ಗೊತ್ತಿದ್ದರೂ ಸಂತೆಯ ಸೊಪ್ಪು, ಪಕ್ಕದ ಮನೆಯಿಂದ ತಂದ ಮೊಟ್ಟೆ ಅವರ ಬಾಯಲ್ಲಿ ಬರುವುದಿಲ್ಲ. ಹೊರಗೆ ತಿಂದದ್ದನ್ನು ಮಾತ್ರ ಒಬ್ಬೊಬ್ಬರನ್ನೇ ಕೇಳಿ.

ಹೆಚ್ಚು ಎಡವುವುದು ಕೊಳ್ಳದೆ ತಿನ್ನುವುದರ ಲೆಕ್ಕದಲ್ಲಿ. ಹೊಲದ ರಾಗಿ ತಿಂಗಳಿಗೆ 30 ಕೆಜಿ ಬಳಸುವ ಮನೆಗೆ ಕಣದ ಬೆಲೆ ಕೆಜಿಗೆ 40 ರೂಪಾಯಿ ಎಂದಿಟ್ಟುಕೊಂಡರೆ 1,200 ರೂಪಾಯಿ ಸೇರಬೇಕು. ಹಾಲು, ತೆಂಗಿನಕಾಯಿಗೂ ಹೀಗೆಯೇ. ಬಿಟ್ಟರೆ ಊಟದ ಪಾಲು ಇಳಿದು ರೈತನ ಮನೆ ಉಳ್ಳವರ ಮನೆಯಂತೆ ಕಾಣುತ್ತದೆ. ಸೊಸೈಟಿ ಅಕ್ಕಿಯದು ಪ್ರತ್ಯೇಕ ಕಾಲಂ ಇರಲಿ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಬದಲು ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಆಗ ಅಂಗಡಿಯಲ್ಲಿ ಅಕ್ಕಿ ಕೊಳ್ಳುವುದು ಕಡಿಮೆಯಾದರೆ ಅದನ್ನು ಬಡತನವೆಂದು ಓದಬಾರದು.

ಕಾಲವೂ ದಾರಿ ತಪ್ಪಿಸುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ದಿನಸಿಯನ್ನು ಮೇ ತಿಂಗಳಲ್ಲೇ ತುಂಬಿಸಿಡುವ ಮನೆಗಳಿವೆ. ಆದ್ದರಿಂದ ತಿಂಗಳ ಮೊದಲ ದಿನದ ದಾಸ್ತಾನಿಗೆ ಕೊಂಡದ್ದನ್ನು ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆಯಿರಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ತೊಗರಿಬೇಳೆ ಖರೀದಿ ತಾನಾಗಿ ಇಳಿಯುತ್ತದೆ. ಹೋಲಿಕೆ ಯಾವಾಗಲೂ ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಇರಲಿ. ಗೌರಿ ಗಣೇಶ ಹಬ್ಬ ಹಿಂದುಮುಂದಾಗಿದ್ದರೆ ಅದನ್ನೂ ಬರೆದಿಡಿ.

ಇನ್ನು ಬೆಲೆ. ಎರಡು ಅಂಗಡಿ, ಒಂದು ಸಂತೆಯಲ್ಲಿ ಪ್ರತಿ ತಿಂಗಳೂ ಒಂದೇ ವಾರ, ಒಂದೇ ದರ್ಜೆಯ ಮಾಲಿನ ದರ ಬರೆದುಕೊಳ್ಳಿ. ಹೋದ ವರ್ಷ ಲೀಟರಿಗೆ 140ರಂತೆ 4 ಲೀಟರ್ ಎಣ್ಣೆಗೆ 560 ರೂಪಾಯಿ, ಈ ವರ್ಷ 160ರಂತೆ ಮೂರೂವರೆ ಲೀಟರಿಗೂ 560 ಎಂದಿಟ್ಟುಕೊಳ್ಳಿ. ಖರ್ಚು ಅಷ್ಟೇ ಇದ್ದರೂ ಮನೆಯಲ್ಲಿ ಅರ್ಧ ಲೀಟರ್ ಎಣ್ಣೆ ಕಡಿಮೆಯಾಯಿತು. ಅದಕ್ಕೇ ರೂಪಾಯಿಯ ಪಕ್ಕದಲ್ಲಿ ಕೆಜಿ, ಲೀಟರ್ ಇಲ್ಲದ ಪಟ್ಟಿಯನ್ನು ಒಪ್ಪಬೇಡಿ. ಎರಡೂ ವರ್ಷದ ಪ್ರಮಾಣವನ್ನು ಹಳೆಯ ದರದಿಂದ ಗುಣಿಸಿದರೆ ನಿಜವಾದ ಏರಿಳಿತ ಸಿಗುತ್ತದೆ.

ಊಟದ ಪಾಲು ಏರಿ, ಪ್ರಮಾಣ ಹಾಗೇ ಇದ್ದರೆ ಮೊದಲು ಬೆಲೆ ನೋಡಿ. ಪಾಲು ಏರಿ, ಮೊಟ್ಟೆ, ಮಾಂಸ, ಹಣ್ಣಿನ ಪ್ರಮಾಣ ಇಳಿದು, ಲೀಟರ್ ಪ್ಯಾಕೆಟ್ ಬದಲು ಸಣ್ಣ ಪ್ಯಾಕೆಟ್ ಬರತೊಡಗಿದರೆ ಆ ಮನೆಯಲ್ಲಿ ಕೈಗೆ ಬರುವ ದುಡ್ಡು ಕಡಿಮೆಯಾಗಿರುವ ಸಂಭವ ಹೆಚ್ಚು. ಖಚಿತಪಡಿಸಿಕೊಳ್ಳಲು ಅಂಗಡಿಯ ಉದ್ರಿ ಪುಸ್ತಕವಿದೆ. ಹೆಸರು ಬೇಡ, ತಿಂಗಳ ಉದ್ರಿ ಮೊತ್ತ, ಅದು ತೀರಲು ಹಿಡಿದ ದಿನ ಸಾಕು. ಹಾಲಿನ ಬಟವಾಡೆ, ತೋಟದ ಕೂಲಿ ಬಂದ ಮೇಲೂ ಬಾಕಿ ಹಾಗೇ ನಿಂತಿದ್ದರೆ ಆ ತಿಂಗಳನ್ನು ಗುರುತು ಹಾಕಿಡಿ, ಮುಂದಿನ ಎರಡು ತಿಂಗಳು ಅವೇ ಮನೆಗಳಿಗೆ ಮತ್ತೆ ಹೋಗಿ.